ಎಂಜಿನ್ನು ಬದಲಿಸುವ ಮುನ್ನ ಪಂಪನ್ನು ನೋಡಿರಿ



ಮನೆತನದ ದುಡಿಮೆಗೆ ಸಂಬಂಧಿಸಿದ ಸಂಗತಿಗಳನ್ನು ಕುರಿತು ಈ ಅಂಕಣದಲ್ಲಿ ನಾವು ಆಗಾಗ ಬರೆಯುತ್ತ ಬಂದಿದ್ದೇವೆ. ಹೊಲದ ವಿಷಯ, ಅಂಗಡಿಯ ವಿಷಯ, ಗಿರಣಿಯ ವಿಷಯ ಇಲ್ಲಿ ಬಂದು ಹೋಗಿವೆ. ಲಾರಿಯ ವಿಷಯ ಮಾತ್ರ ಬಂದಿರಲಿಲ್ಲ. ನಮ್ಮ ಸಮಾಜದ ಎಷ್ಟೋ ಮನೆತನಗಳು ಒಂದೋ ಎರಡೋ ಲಾರಿಗಳನ್ನೇ ನೆಚ್ಚಿ ಸಂಸಾರ ಸಾಗಿಸುತ್ತಿರುವಾಗ ಇದು ಕೊರತೆಯೇ ಸರಿ. ಈಚೆಗೆ ನಮ್ಮ ಕಣ್ಣೆದುರಿನಲ್ಲಿ ನಡೆದ ಒಂದು ಪ್ರಸಂಗವು ಆ ಕೊರತೆಯನ್ನು ತುಂಬಿಕೊಳ್ಳುವಂತೆ ನಮ್ಮನ್ನು ಪ್ರೇರೇಪಿಸಿತು.

ಹಾವೇರಿ ಜಿಲ್ಲೆಯ ಒಂದು ಊರು. ಅಲ್ಲಿ ನಮಗೆ ಬಹುಕಾಲದಿಂದ ಬೇಕಾದ ಒಂದು ಮನೆ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಬ್ಬರೂ ಕೂಡಿಯೇ ಇದ್ದಾರೆ. ಅವರಿಗಿರುವುದು ಆರು ಗಾಲಿಯ ಒಂದೇ ಲಾರಿ. ಗೋವಿನಜೋಳದ ಸುಗ್ಗಿಯಲ್ಲಿ ಗೋವಿನಜೋಳ, ಮೆಣಸಿನಕಾಯಿಯ ದಿನಗಳಲ್ಲಿ ಮೆಣಸಿನಕಾಯಿ, ಉಳಿದಾಗ ಸಿಮೆಂಟು, ಗೊಬ್ಬರ ಹೀಗೆ ಸಿಕ್ಕ ಬಾಡಿಗೆಯನ್ನು ಹೊಡೆಯುತ್ತಾರೆ. ಒಂದು ದಿನ ಘಟ್ಟ ಏರುವಾಗ ರೇಡಿಯೇಟರಿನ ನೀರು ಸೋರಿ ಎಂಜಿನ್ನು ಕಾದು ನಿಂತಿತು. ಹೆಡ್ಡು ಬಿಚ್ಚಿ ನೋಡಿದಾಗ ಬ್ಲಾಕಿನಲ್ಲಿಯೇ ಬಿರುಕು ಕಂಡಿತು. ಬೋರು ಮಾಡಿಸಿ ಲೈನರು ಹಾಕಿಸಿದರೆ ಸರಿಹೋಗುವ ರೋಗ ಅದಾಗಿರಲಿಲ್ಲ. ಬೇರೆ ಎಂಜಿನ್ನನ್ನೇ ಕೂಡಿಸಬೇಕಾಗಿತ್ತು.

ಗುಜರಿಯವನ ಹತ್ತಿರ ಎರಡು ಎಂಜಿನ್ನುಗಳಿದ್ದವು. ಒಂದು, ಹಳೆಯದರದೇ ಜಾತಿಯದು, ಹಳೆಯ ಬಗೆಯ ಪಂಪಿನದು. ಇನ್ನೊಂದು, ಅಪಘಾತಕ್ಕೀಡಾದ ಹೊಸ ಲಾರಿಯಿಂದ ಇಳಿಸಿದ ಕಾಮನ್ ರೈಲ್ ಎಂಜಿನ್ನು. ಅಣ್ಣನಿಗೆ ಮೊದಲನೆಯದು ಸಾಕೆನಿಸಿತು. ತಮ್ಮನಿಗೆ ಎರಡನೆಯದೇ ಬೇಕಾಗಿತ್ತು. "ಅಣ್ಣಾ, ಶಕ್ತಿಯೂ ಹೆಚ್ಚು, ಆ್ಯವರೇಜೂ ಹೆಚ್ಚು. ಒಂದು ಸಲ ಖರ್ಚು ಮಾಡಿದರೆ ಹತ್ತು ವರ್ಷ ಚಿಂತೆಯಿಲ್ಲ" ಎಂದು ಅವನ ವಾದ. ಎರಡಕ್ಕೂ ಕೈಯಲ್ಲಿ ಹಣವಿರಲಿಲ್ಲ. ಹಿರಿಯ ಸೊಸೆಯ ಪಾಟಲಿಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಡುವುದೆಂದು ಮಾತಾಗಿತ್ತು. ಆ ತಾಯಿ ಅವುಗಳನ್ನು ಬಿಚ್ಚಿ ಅತ್ತೆಯವರ ಕೈಗೆ ಕೊಟ್ಟೂ ಆಗಿತ್ತು. ಆದರೆ ಅಣ್ಣತಮ್ಮಂದಿರ ಮಾತು ಬಿರುಸಾಗಿ ಎರಡು ದಿನ ಒಬ್ಬರೊಡನೊಬ್ಬರು ಮಾತನಾಡದಂತಾಗಿತ್ತು. ಆಗ ಅವರ ತಾಯಿಯವರು ನಮಗೆ ಹೇಳಿ ಕಳಿಸಿದರು.

ನಾವು ಮೆಕ್ಯಾನಿಕರಲ್ಲ. ಆದರೆ ಲಾರಿಯ ಧಂದೆಯಲ್ಲಿ ಹಲವು ವರ್ಷ ಲೆಕ್ಕ ಬರೆದವರು. ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು ಕಂಡದ್ದು, ಕೇಳಿದ್ದು, ಓದಿದ್ದು ಸಾಕಷ್ಟಿದೆ. ಆ ಅನುಭವದ ಸಾರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಡೀಸೆಲ್ ಲಾರಿಯ ಎಂಜಿನ್ನನ್ನು ಬದಲಿಸುವವನು ನಿಜವಾಗಿ ಬದಲಿಸುತ್ತಿರುವುದು ಅದರ ಇಂಧನದ ವ್ಯವಸ್ಥೆಯನ್ನು. ಕಬ್ಬಿಣದ ಬ್ಲಾಕನ್ನು ನೋಡಿ ಬೆಲೆ ಕಟ್ಟುವವನು ಮೋಸಹೋಗುತ್ತಾನೆ. ಪಂಪು, ನಾಜಲ್, ಫಿಲ್ಟರು, ಟ್ಯಾಂಕು, ತಂತಿ ಇವೆಲ್ಲವನ್ನೂ ಕೂಡಿಸಿ ನೋಡಿ ಬೆಲೆ ಕಟ್ಟುವವನು ಉಳಿದುಕೊಳ್ಳುತ್ತಾನೆ.

ಇದು ಏಕೆ ಹೀಗೆಂಬುದನ್ನು ತಿಳಿಯಬೇಕಾದರೆ ಡೀಸೆಲ್ ಎಂಜಿನ್ನು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೆನೆಯಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಪಿಸ್ಟನ್ನು ಮೇಲೇರುವಾಗ ಒಳಗಿನ ಗಾಳಿ ಒತ್ತಲ್ಪಟ್ಟು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಯೊಳಗೆ ಸರಿಯಾದ ಗಳಿಗೆಯಲ್ಲಿ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒಂದು ಸಲಕ್ಕೆ ಬೇಕಾಗುವ ಡೀಸೆಲ್ಲು ಭರ್ತಿ ಹೇರಿನಲ್ಲಿಯೂ ಒಂದೆರಡು ಹನಿಗಳಷ್ಟು ಮಾತ್ರ. ಎಂಜಿನ್ನು ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ಸಿಲಿಂಡರಿಗೂ ಸೆಕೆಂಡಿಗೆ 20 ಸಲ ಇದು ನಡೆಯಬೇಕು. ಹನಿ ಹೆಚ್ಚಾದರೆ ಕಪ್ಪು ಹೊಗೆ, ಕಡಿಮೆಯಾದರೆ ಶಕ್ತಿಹೀನತೆ. ಗಳಿಗೆ ಮುಂಚೆಯಾದರೆ ಎಂಜಿನ್ನಿಗೆ ಬಡಿತ, ತಡವಾದರೆ ಕಾವು ಮತ್ತು ನಷ್ಟ. ಹೀಗೆ ಎಂಜಿನ್ನಿನ ಗುಣಾವಗುಣಗಳೆಲ್ಲವೂ ಬಹುಮಟ್ಟಿಗೆ ಈ ಸಿಂಪಡಿಕೆಯನ್ನೇ ಅವಲಂಬಿಸಿರುತ್ತವೆ.

ಸಿಂಪಡಿಕೆಯ ಪಂಪುಗಳನ್ನು ಜರ್ಮನಿಯ ಬಾಷ್ ಕಂಪನಿಯು 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. 1951ರಲ್ಲಿ ಸ್ಥಾಪಿತವಾದ ಮೈಕೋ ಕಂಪನಿಯು ಬೆಂಗಳೂರಿನ ಆಡುಗೋಡಿಯ ಕಾರಖಾನೆಯಲ್ಲಿ ಈ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆದರೂ ನಮ್ಮ ಹಳೆಯ ಮಿಸ್ತ್ರಿಗಳ ಬಾಯಲ್ಲಿ ಇಂದಿಗೂ ಅದು ಮೈಕೋ ಪಂಪೇ.

ಲಾರಿಗಳಲ್ಲಿ ನಾವು ಕಾಣುವ ವ್ಯವಸ್ಥೆಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಇನ್‌ಲೈನ್ ಪಂಪು. ಆರು ಸಿಲಿಂಡರಿದ್ದರೆ ಪಂಪಿನೊಳಗೆ ಸಾಲಾಗಿ ಆರು ಪ್ಲಂಜರುಗಳಿರುತ್ತವೆ, ಒಂದೊಂದು ಸಿಲಿಂಡರಿಗೆ ಒಂದೊಂದು. ಕೆಳಗಿನ ಕ್ಯಾಮ್‌ಷಾಫ್ಟು ಅವನ್ನು ಮೇಲಕ್ಕೆ ನೂಕುತ್ತದೆ. ಅದರ ಕೆಳಭಾಗಕ್ಕೆ ಜಾರಿಕೆ ಕೊಡುವುದು ಆಯಿಲ್ಲು. ಇದು ಭಾರ, ಆದರೆ ಗಟ್ಟಿ. ಎರಡನೆಯದು ರೋಟರಿ ಪಂಪು. ಇದರ ಸಾಮಾನ್ಯ ಮಾದರಿಯಲ್ಲಿ ಒಂದೇ ಪ್ಲಂಜರು ತಿರುಗುತ್ತ ತಿರುಗುತ್ತ ಎಲ್ಲ ಸಿಲಿಂಡರುಗಳಿಗೂ ಸರದಿಯಂತೆ ಡೀಸೆಲ್ಲನ್ನು ಹಂಚುತ್ತದೆ. ಹಗುರ, ಚಿಕ್ಕದು, ಬೆಲೆಯೂ ಕಡಿಮೆ. ಆದರೆ ಇದರ ಒಳಗಿನ ಭಾಗಗಳಿಗೆಲ್ಲ ಜಾರಿಕೆ ಕೊಡುವುದು ಡೀಸೆಲ್ಲೇ. ಡೀಸೆಲ್ಲಿನಲ್ಲಿ ನೀರೋ ಸೀಮೆಎಣ್ಣೆಯೋ ಬೆರೆತರೆ ಇಡೀ ಪಂಪು ಸವೆಯುತ್ತದೆ. ಮೂರನೆಯದು ಕಾಮನ್ ರೈಲ್. ಇದರಲ್ಲಿ ಪಂಪಿನ ಕೆಲಸ ಒತ್ತಡವನ್ನು ಹುಟ್ಟಿಸುವುದಷ್ಟೇ. ಆ ಒತ್ತಡದ ಡೀಸೆಲ್ಲು ಒಂದು ದಪ್ಪ ಕೊಳವೆಯಲ್ಲಿ ಸಿದ್ಧವಾಗಿರುತ್ತದೆ. ಯಾವ ಇಂಜೆಕ್ಟರು ಯಾವಾಗ ಎಷ್ಟು ಹೊತ್ತು ತೆರೆಯಬೇಕೆಂಬುದನ್ನು ಒಂದು ಕಂಪ್ಯೂಟರು ವಿದ್ಯುತ್ತಿನ ಮೂಲಕ ಆಜ್ಞಾಪಿಸುತ್ತದೆ. ಮುಖ್ಯ ಸಿಂಪಡಿಕೆಗೆ ಮುಂಚೆ ಚಿಕ್ಕದೊಂದು ಸಿಂಪಡಿಕೆ ಮಾಡಿ ಬಡಿತವನ್ನು ತಗ್ಗಿಸುವ ಜಾಣತನವೂ ಇದಕ್ಕೆ ಸಾಧ್ಯ.

ಈ ಬಗೆಗಳನ್ನು ಒಂದೇ ಎಂಜಿನ್ನಿನ ಮೇಲೆ ಹೋಲಿಸಿ ನೋಡುವ ಅವಕಾಶ ಬಹು ಅಪರೂಪ. ಅಂಥದೊಂದು ಉದಾಹರಣೆ ಅಮೆರಿಕದಲ್ಲಿದೆ. ಕಮಿನ್ಸ್ ಕಂಪನಿಯ ಬಿ ಸರಣಿಯ ಆರು ಸಿಲಿಂಡರಿನ 5.9 ಲೀಟರಿನ ಎಂಜಿನ್ನನ್ನು ಅಲ್ಲಿಯ ಡಾಡ್ಜ್ ಪಿಕಪ್ ಟ್ರಕ್ಕುಗಳಿಗೆ 1989ರ ಮಾದರಿಯಿಂದ ಕೂಡಿಸಲಾಯಿತು. 1993ರವರೆಗೆ ಅದಕ್ಕೆ ರೋಟರಿ ಪಂಪು ಇತ್ತು. 1994ರ ಮಾದರಿಯಿಂದ ದೊಡ್ಡ ಇನ್‌ಲೈನ್ ಪಂಪು ಬಂದಿತು. 1998ರ ನಡುವಿನಿಂದ 2002ರವರೆಗೆ ವಿದ್ಯುನ್ಮಾನದಿಂದ ನಿಯಂತ್ರಿತವಾದ ರೋಟರಿ ಪಂಪು, 2003ರಿಂದ ಕಾಮನ್ ರೈಲ್. ಹೀಗೆ 15 ವರ್ಷಗಳೊಳಗೆ ಒಂದೇ ಎಂಜಿನ್ನು ನಾಲ್ಕು ಪಂಪುಗಳನ್ನು ಕಂಡಿತು. ಇದೇ ಬಿ ಸರಣಿಯ ಎಂಜಿನ್ನುಗಳನ್ನು ನಮ್ಮ ದೇಶದಲ್ಲಿ ತಯಾರಿಸಲೆಂದು 1993ರಲ್ಲಿ ಟಾಟಾ ಕಮಿನ್ಸ್ ಕಂಪನಿ ಹುಟ್ಟಿಕೊಂಡಿತು. ಜಮ್ಶೆಡ್‌ಪುರದಿಂದ ಹೊರಟ ಆ ಎಂಜಿನ್ನುಗಳು ಟಾಟಾ ಲಾರಿಗಳೊಳಗೆ ಕುಳಿತು ನಮ್ಮ ಹೆದ್ದಾರಿಗಳಲ್ಲಿಯೂ ಓಡಿವೆ. ಆದಕಾರಣ ಆ ಕಥೆ ನಮಗೆ ತೀರ ಪರಕೀಯವಲ್ಲ.

ಅಲ್ಲಿಯ ಅನುಭವ ಏನು ಹೇಳುತ್ತದೆ? ತಮ್ಮ ಹಳೆಯ ಟ್ರಕ್ಕುಗಳಿಗೆ ಈ ಎಂಜಿನ್ನನ್ನು ಕೂಡಿಸಿಕೊಳ್ಳಬಯಸುವ ಅಮೆರಿಕದ ಜನರಲ್ಲಿ ಬಹಳ ಮಂದಿ ಇನ್‌ಲೈನ್ ಪಂಪಿನ ಮಾದರಿಯನ್ನೇ ಹುಡುಕುತ್ತಾರೆ. ಅದಕ್ಕೆ ಕಾರಣ ಸರಳ. ಅದನ್ನು ಓಡಿಸಲು ಡೀಸೆಲ್ಲು ಬಂದರೆ ಸಾಕು, ಇಂಧನ ತೆರೆದು ನಿಲ್ಲಿಸುವ ಸೊಲೆನಾಯ್ಡಿಗೆ ವಿದ್ಯುತ್ತು ಮುಟ್ಟಿದರೆ ಸಾಕು. ಹಿಂದಿನ ರೋಟರಿ ಪಂಪಿನದೂ ಹಾಗೆಯೇ ಸರಳ, ಆದರೆ ಡೀಸೆಲ್ಲನ್ನು ಹೆಚ್ಚಿಸಿ ಶಕ್ತಿ ಪಡೆಯುವ ಅವಕಾಶ ಅದರಲ್ಲಿ ಕಡಿಮೆ. ವಿದ್ಯುನ್ಮಾನ ರೋಟರಿ ಪಂಪಿನ ದೌರ್ಬಲ್ಯ ಪ್ರಸಿದ್ಧವಾದದ್ದು. ಅದನ್ನು ತಂಪಾಗಿಡುವುದೂ ಜಾರಿಸುವುದೂ ಡೀಸೆಲ್ಲೇ ಆದ್ದರಿಂದ ಟ್ಯಾಂಕಿನಿಂದ ಡೀಸೆಲ್ಲನ್ನು ಎತ್ತಿಕೊಡುವ ಚಿಕ್ಕ ಪಂಪು ಸೋತರೆ ಬೆಲೆಬಾಳುವ ದೊಡ್ಡ ಪಂಪೂ ಕೆಟ್ಟುಹೋಗುತ್ತದೆ. ಕಾಮನ್ ರೈಲಿನದು ಶಾಂತವಾದ ಓಟ, ಕಡಿಮೆ ಹೊಗೆ. ಆದರೆ ಅದರ ಒತ್ತಡ ಆ ಎಂಜಿನ್ನಿನಲ್ಲಿಯೇ 1,600 ಬಾರಿನವರೆಗೆ ಏರುತ್ತದೆ. ಲಾರಿಯ ಟೈರಿನ ಗಾಳಿ ಸುಮಾರು 8 ಬಾರ್ ಎಂದು ಹಿಡಿದರೆ ಇದು ಅದರ 200 ಪಟ್ಟು. ಅಷ್ಟು ಒತ್ತಡವನ್ನು ತಾಳುವ ಭಾಗಗಳು ಧೂಳಿನ ಒಂದು ಕಣವನ್ನೂ ಸಹಿಸಲಾರವು.

ಈಗ ನಮ್ಮ ಹಾವೇರಿಯ ಮನೆಗೆ ಮರಳೋಣ. "ಕಾಕಾ, ನೀವೇ ಹೇಳಿರಿ, ಹೊಸದು ಮೇಲಲ್ಲವೇ?" ಎಂದು ತಮ್ಮ ಕೇಳಿದ. ಹೊಸದು ಮೇಲೆಂಬುದರಲ್ಲಿ ನಮಗೆ ಸಂಶಯವಿರಲಿಲ್ಲ. ಅದು ತನ್ನ ಲಾರಿಯಲ್ಲಿ ಮೇಲು. ಇನ್ನೊಂದು ಲಾರಿಗೆ ಬಂದಾಗ ತನ್ನ ಪರಿವಾರವನ್ನೆಲ್ಲ ಕರೆತಂದರೆ ಮಾತ್ರ ಅದು ಮೇಲಾಗಿ ಉಳಿಯುತ್ತದೆ. ಒಂದು ಹಾಳೆಯನ್ನು ತರಿಸಿ, ಆ ಎಂಜಿನ್ನಿನ ಜೊತೆಗೆ ಏನೇನು ಬರಬೇಕೆಂಬುದನ್ನು ಅವನ ಕೈಯಿಂದಲೇ ಬರೆಸಿದೆವು.

ಆ ಎಂಜಿನ್ನಿನದೇ ಕಂಪ್ಯೂಟರು, ಅದರ ಪೂರ್ತಿ ತಂತಿಗಳ ಗೊಂಚಲು. ಕ್ರ್ಯಾಂಕಿನ ತಿರುಗುವಿಕೆಯನ್ನು ಅರಿಯುವ ಸೆನ್ಸರು, ಕ್ಯಾಮಿನದು, ರೈಲಿನ ಒತ್ತಡದ್ದು, ನೀರಿನ ಕಾವಿನದು. ಹಳೆಯ ಲಾರಿಯ ಆಕ್ಸಿಲರೇಟರು ಸರಳಿನಿಂದಲೋ ಕೇಬಲ್ಲಿನಿಂದಲೋ ಪಂಪನ್ನು ಎಳೆಯುವಂಥದು. ಇದಕ್ಕೆ ವಿದ್ಯುತ್ತಿನಿಂದ ಸುದ್ದಿ ಕಳಿಸುವ ಬೇರೆ ಪೆಡಲ್ಲೇ ಬೇಕು. ಇನ್ನಷ್ಟು ಸೂಕ್ಷ್ಮವಾದ ಫಿಲ್ಟರು, ನೀರನ್ನು ಬೇರ್ಪಡಿಸುವ ಬಟ್ಟಲು, ಇಂಜೆಕ್ಟರುಗಳಿಂದ ಉಳಿದ ಡೀಸೆಲ್ಲು ಟ್ಯಾಂಕಿಗೆ ಮರಳುವ ಕೊಳವೆ. ಹಳೆಯ ಟ್ಯಾಂಕಿನೊಳಗೆ ತುಕ್ಕಿದ್ದರೆ ಟ್ಯಾಂಕೇ ಬದಲು. ಲಾರಿಯ ವಿದ್ಯುತ್ತು 12 ವೋಲ್ಟಿನದೋ 24 ವೋಲ್ಟಿನದೋ ಎಂಬುದು ಎಂಜಿನ್ನಿನದಕ್ಕೆ ಹೊಂದಬೇಕು. ಟರ್ಬೋದಿಂದ ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿಗೆ ರೇಡಿಯೇಟರಿನ ಮುಂದೆ ಜಾಗವಿರಬೇಕು. ಇಷ್ಟರ ಮೇಲೆ ಕ್ಲಚ್ಚು, ಫ್ಲೈವೀಲು, ಗೇರ್‌ಬಾಕ್ಸಿನ ಷಾಫ್ಟು, ಹಿಂದಿನ ಹೌಸಿಂಗು ಇವುಗಳ ಹೊಂದಾಣಿಕೆ ಇದ್ದೇ ಇದೆ.

ಹೊಸ ಎಂಜಿನ್ನಿನ ಇನ್ನೊಂದು ಗುಟ್ಟನ್ನೂ ಅವನಿಗೆ ಹೇಳಬೇಕಾಯಿತು. ದೇಶದಾದ್ಯಂತ 2017ರ ಏಪ್ರಿಲ್ 1ರಿಂದ ಬಿ.ಎಸ್. 4, 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮಗಳು ಜಾರಿಗೆ ಬಂದವು. ಈ ಕಾಲದ ಬಹಳಷ್ಟು ಲಾರಿಗಳಲ್ಲಿ ಹೊಗೆಯನ್ನು ಶುದ್ಧಗೊಳಿಸಲು ಸೈಲೆನ್ಸರಿನ ಬಳಿ ಯೂರಿಯಾ ದ್ರಾವಣ ಸಿಂಪಡಿಸುವ ಏರ್ಪಾಡು ಇರುತ್ತದೆ. ಎಂಜಿನ್ನಿನ ಕಂಪ್ಯೂಟರಿಗೆ ಅದರ ಸುದ್ದಿಯೂ ಬರುತ್ತಿರಬೇಕು. ಬಾರದಿದ್ದರೆ ಅದು ದೋಷವೆಂದು ತಿಳಿದು ಶಕ್ತಿಯನ್ನೇ ಇಳಿಸಿಬಿಡುತ್ತದೆ. ಹೆಚ್ಚು ಶಕ್ತಿಗೆಂದು ತಂದ ಎಂಜಿನ್ನು ಘಟ್ಟದ ನಡುವೆ ಕುಂಟತೊಡಗಿದರೆ ಏನು ಫಲ? ಅಂತೆಯೇ ಹಲವು ಕಾಮನ್ ರೈಲ್ ಇಂಜೆಕ್ಟರುಗಳ ಮೇಲೆ ಒಂದೊಂದು ಸಂಕೇತಾಕ್ಷರವಿದ್ದು, ಇಂಜೆಕ್ಟರನ್ನು ಬದಲಿಸಿದಾಗ ಅದನ್ನು ಕಂಪ್ಯೂಟರಿಗೆ ತಿಳಿಸಬೇಕಾಗುತ್ತದೆ. ಆ ಯಂತ್ರ ಉಳ್ಳವರು ಊರಿನಿಂದ ಎಷ್ಟು ದೂರದಲ್ಲಿದ್ದಾರೆಂಬುದನ್ನೂ ಹಾಳೆಯಲ್ಲಿ ಬರೆಸಿದೆವು.

ಗುಜರಿಯವನು ಕೊಡುತ್ತೇನೆಂದದ್ದು ಎಂಜಿನ್ನನ್ನು ಮಾತ್ರ. ಕಂಪ್ಯೂಟರು ಅಪಘಾತದಲ್ಲಿ ಒಡೆದಿತ್ತು, ತಂತಿಗಳನ್ನು ಕತ್ತರಿಸಿಯೇ ಎಂಜಿನ್ನನ್ನು ಇಳಿಸಿದ್ದರು. ಉಳಿದ ಸಾಮಾನುಗಳ ಬೆಲೆಯನ್ನು ತಮ್ಮನೇ ನಾಲ್ಕು ಕಡೆ ಕೇಳಿಕೊಂಡು ಬಂದು ಕೂಡಿಸಿದ. ಅದು ಎಂಜಿನ್ನಿನ ಬೆಲೆಯನ್ನೇ ಮೀರಿತ್ತು. ಆಮೇಲೆ ಅವನೇ ಸುಮ್ಮನಾದ. ಹುಡುಗನ ಪ್ರಾಮಾಣಿಕತೆ ನಮಗೆ ಮೆಚ್ಚಿಕೆಯಾಯಿತು. ತನ್ನ ವಾದಕ್ಕೆ ವಿರುದ್ಧವಾದ ಲೆಕ್ಕವನ್ನು ಮುಚ್ಚಿಡದೆ ಅಣ್ಣನ ಮುಂದೆ ಇಟ್ಟನಲ್ಲ, ಅದು ದೊಡ್ಡದು.

ಆದರೆ ಅಣ್ಣನ ಮಾತೂ ಪೂರ್ತಿ ಸರಿಯಾಗಿರಲಿಲ್ಲ. "ನಮ್ಮದರಂಥದೇ ಎಂಜಿನ್ನು, ಎತ್ತಿ ಕೂಡಿಸಿದರೆ ಆಯಿತು" ಎಂಬುದು ಅವನ ನಂಬಿಕೆ. ಬ್ಲಾಕು ಒಂದೇ ಆದ ಮಾತ್ರಕ್ಕೆ ಪಂಪು ಒಂದೇ ಆಗಿರಬೇಕೆಂದಿಲ್ಲ. ಒಂದೇ ಜಾತಿಯ ಎಂಜಿನ್ನು ಟರ್ಬೋ ಇಲ್ಲದೆ ಒಂದು ಕಡೆ, ಟರ್ಬೋ ಸಹಿತ ಇನ್ನೊಂದು ಕಡೆ, ಜನರೇಟರಿಗೆ ಮತ್ತೊಂದು ಕಡೆ ಬಳಕೆಯಾಗುವುದುಂಟು. ಪ್ರತಿಯೊಂದಕ್ಕೂ ಪಂಪಿನ ಅಳತೆ ಬೇರೆ, ಗವರ್ನರು ಬೇರೆ, ನಾಜಲ್ ಬೇರೆ. ಟರ್ಬೋ ಎಂಜಿನ್ನಿನ ಪಂಪಿನ ಮೇಲೆ ಸಾಮಾನ್ಯವಾಗಿ ಒಂದು ಚಿಕ್ಕ ಡಬ್ಬಿ ಇರುತ್ತದೆ. ಟರ್ಬೋದ ಗಾಳಿ ಹೆಚ್ಚಿದಂತೆ ಡೀಸೆಲ್ಲನ್ನು ಹೆಚ್ಚಿಸುವುದು ಅದರ ಕೆಲಸ. ಅದು ಇಲ್ಲದ ಪಂಪನ್ನು ಟರ್ಬೋ ಎಂಜಿನ್ನಿಗೆ ಕೂಡಿಸಿದರೆ ಲಾರಿ ಹೇರಿನಲ್ಲಿ ಸೋಲುತ್ತದೆ. ಸೋತಿತೆಂದು ಸ್ಕ್ರೂ ತಿರುಗಿಸಿ ಡೀಸೆಲ್ಲನ್ನು ಹೆಚ್ಚಿಸಿದರೆ, ಟರ್ಬೋದ ಗಾಳಿ ಬರುವ ಮುನ್ನವೇ ಡೀಸೆಲ್ಲು ಸುರಿದು ಕಪ್ಪು ಹೊಗೆ ಕಾರುತ್ತದೆ. ಪಿಸ್ಟನ್ನು ಕಾಯುತ್ತದೆ, ಉರಿಯದ ಡೀಸೆಲ್ಲು ಆಯಿಲ್ಲಿಗೆ ಇಳಿಯುತ್ತದೆ. ಶಕ್ತಿ ಬೇಕೆಂದು ಈ ಸ್ಕ್ರೂ ತಿರುಗಿಸುವ ಚಾಳಿ ನಮ್ಮ ರಸ್ತೆಗಳಲ್ಲಿ ಎಷ್ಟು ಎಂಜಿನ್ನುಗಳನ್ನು ತಿಂದಿದೆಯೋ ಲೆಕ್ಕವಿಟ್ಟವರಿಲ್ಲ.

ಗುಜರಿಯ ಎಂಜಿನ್ನಿನ ಪಂಪಿನ ಮೇಲೆ ಆ ಡಬ್ಬಿ ಇರಲಿಲ್ಲ. ಅಣ್ಣ ಅದನ್ನು ಗಮನಿಸಿರಲೇ ಇಲ್ಲ. ಪಂಪಿನ ಮೈಮೇಲಿನ ಚಿಕ್ಕ ತಗಡಿನ ಅಂಕಿಗಳನ್ನು ತಮ್ಮ ಬರೆದುಕೊಂಡು, ತಮ್ಮ ಹಳೆಯ ಪಂಪಿನ ಅಂಕಿಗಳೊಡನೆ ಹೋಲಿಸಿದಾಗ ಎರಡೂ ಬೇರೆಯೆಂಬುದು ಖಚಿತವಾಯಿತು. ಬ್ಲಾಕು ಒಡೆದ ಹಳೆಯ ಎಂಜಿನ್ನಿನ ಪಂಪು ಮಾತ್ರ ಚೆನ್ನಾಗಿಯೇ ಇದ್ದಿತು.

ಹೀಗೆ ತೀರ್ಮಾನ ತಾನಾಗಿಯೇ ಒದಗಿತು. ಅದೇ ಜಾತಿಯ ಎಂಜಿನ್ನನ್ನು ಕೊಳ್ಳುವುದು, ಅದರ ಪಂಪನ್ನು ಬಿಟ್ಟು ಬೆಲೆ ಇಳಿಸಿಕೊಳ್ಳುವುದು, ತಮ್ಮ ಹಳೆಯ ಪಂಪು, ಟರ್ಬೋ, ನಾಜಲ್ಲುಗಳನ್ನೇ ಪರೀಕ್ಷಿಸಿ ಕೂಡಿಸುವುದು. ಪಂಪನ್ನು ಹುಬ್ಬಳ್ಳಿಗೆ ಒಯ್ದು ಟೆಸ್ಟ್ ಬೆಂಚಿನ ಮೇಲೆ ಏರಿಸಿದರು. ಆರೂ ಪ್ಲಂಜರುಗಳು ಸರಿಸಮನಾಗಿ ಡೀಸೆಲ್ಲು ಕೊಡುತ್ತಿವೆಯೇ, ಒಂದಾದ ಮೇಲೊಂದು ಸರಿಯಾದ ಅಂತರದಲ್ಲಿ ಕೊಡುತ್ತಿವೆಯೇ ಎಂಬುದನ್ನು ಗಾಜಿನ ಕೊಳವೆಗಳಲ್ಲಿ ಅಳೆದು ನೋಡುವ ಕೆಲಸ ಅದು. ಎರಡು ಪ್ಲಂಜರುಗಳು ಸವೆದಿದ್ದವು. ಪ್ಲಂಜರಿಗೂ ಅದರ ಬ್ಯಾರಲ್ಲಿಗೂ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಮೂರು ಪಾಲಿನಷ್ಟು ಮಾತ್ರ. ಆದ್ದರಿಂದಲೇ ಅವನ್ನು ಜೋಡಿಯಾಗಿಯೇ ಬದಲಿಸಬೇಕು, ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರಲ್ಲಿಗೆ ಹಾಕಲಾಗದು. ನಾಜಲ್ಲುಗಳ ಒತ್ತಡವನ್ನೂ ಸಿಂಪಡಿಕೆಯನ್ನೂ ನೋಡಿದರು. ಬರೆದುಕೊಟ್ಟ ಅಂಕಿಗಳ ಚೀಟಿಯನ್ನು ತಮ್ಮ ಜೋಪಾನವಾಗಿ ಇಟ್ಟುಕೊಂಡಿದ್ದಾನೆ.

ಖರ್ಚಿನ ಬಗ್ಗೆ ಯೋಚಿಸುವವರಿಗೆ ಒಂದು ಸರಳ ಲೆಕ್ಕ. ವರ್ಷಕ್ಕೆ 50,000 ಕಿಲೋಮೀಟರು ಓಡುವ ಲಾರಿ ಲೀಟರಿಗೆ 4 ಕಿಲೋಮೀಟರು ಕೊಟ್ಟರೆ 12,500 ಲೀಟರು ಡೀಸೆಲ್ಲು ಬೇಕು. ಅದೇ ಲಾರಿ ನಾಲ್ಕೂವರೆ ಕಿಲೋಮೀಟರು ಕೊಟ್ಟರೆ 11,111 ಲೀಟರು ಸಾಕು. ಅರ್ಧ ಕಿಲೋಮೀಟರಿನ ವ್ಯತ್ಯಾಸದಲ್ಲಿ ಸುಮಾರು 1,389 ಲೀಟರು ಉಳಿಯಿತು. ಅದನ್ನು ನಿಮ್ಮ ಊರಿನ ದರದಿಂದ ಗುಣಿಸಿ ನೋಡಿರಿ. ಕಾಮನ್ ರೈಲಿನ ಎಂಜಿನ್ನಾಗಲಿ, ಸರಿಯಾಗಿ ಅಳೆದ ಇನ್‌ಲೈನ್ ಪಂಪಾಗಲಿ, ಅದು ಎಷ್ಟು ಉಳಿಸುತ್ತದೆ ಮತ್ತು ಆ ಉಳಿತಾಯ ಎಷ್ಟು ವರ್ಷದಲ್ಲಿ ಅದರ ಖರ್ಚನ್ನು ತೀರಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆತ ಮೇಲೆಯೇ ಒತ್ತೆಯಿಡುವ ಮಾತು.

ಕಾನೂನಿನ ಮಾತನ್ನೂ ಹೇಳದೆ ಬಿಡಲಾಗದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದಲ್ಲಿ ಮಾಡುವ ಬದಲಾವಣೆಗಳನ್ನು ಕುರಿತದ್ದು. ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮನಬಂದಂತೆ ಬದಲಿಸಲಾಗದು. ಎಂಜಿನ್ನು ಬದಲಿಸುವವರು ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯಬೇಕು. ಬದಲಾವಣೆಯನ್ನು 14 ದಿನಗಳೊಳಗೆ ವರದಿ ಮಾಡಿ ಹೊಸ ಎಂಜಿನ್ ನಂಬರನ್ನು ಆರ್.ಸಿ.ಯಲ್ಲಿ ನಮೂದಿಸಿಕೊಳ್ಳಬೇಕು. ಲಾರಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯನ್ನೂ ಪಡೆದಿರಬೇಕು. ಅದೇ ಜಾತಿಯ ಎಂಜಿನ್ನಾದರೆ ಈ ದಾರಿ ಸುಗಮ. ಬೇರೆ ಜಾತಿಯದಾದರೆ ತೊಡಕು ಹೆಚ್ಚು. ಗುಜರಿಯವನಿಂದ ರಸೀದಿಯನ್ನೂ, ಎಂಜಿನ್ನು ಬಂದ ಮೂಲ ವಾಹನದ ಕಾಗದಗಳನ್ನೂ ಕೇಳಿ ಪಡೆಯಿರಿ. ಕದ್ದ ಮಾಲಾಗಿದ್ದರೆ ಹಣವೂ ಹೋಗಿ ಮಾನವೂ ಹೋದೀತು. ಆರ್.ಸಿ.ಯಲ್ಲಿ ಒಂದು ನಂಬರು, ಎಂಜಿನ್ನಿನ ಮೇಲೆ ಇನ್ನೊಂದು ನಂಬರು ಇದ್ದರೆ ಅಪಘಾತವಾದಾಗ ವಿಮೆಯವರು ಎತ್ತುವ ಮೊದಲ ಪ್ರಶ್ನೆಯೇ ಅದಾಗುತ್ತದೆ.

ಮನೆಯ ಹೆಣ್ಣುಮಕ್ಕಳೂ ಕೇಳಿ ನೆನಪಿಡಬೇಕಾದ ಎಚ್ಚರಿಕೆ ಒಂದಿದೆ. ಹಳೆಯ ಪಂಪಿನಲ್ಲಿ ಗಾಳಿ ಸೇರಿದರೆ ಇಂಜೆಕ್ಟರಿನ ಪೈಪಿನ ನಟ್ಟನ್ನು ಸಡಿಲಿಸಿ ಎಂಜಿನ್ನನ್ನು ತಿರುಗಿಸಿ ಗಾಳಿ ತೆಗೆಯುವ ರೂಢಿ ನಮ್ಮ ಡ್ರೈವರರಿಗೆಲ್ಲ ಇದೆ. ಕಾಮನ್ ರೈಲಿನಲ್ಲಿ ಇದನ್ನು ಎಂದಿಗೂ ಮಾಡಬಾರದು. ಆ ಒತ್ತಡದ ಡೀಸೆಲ್ಲಿನ ಎಳೆ ಸೂಜಿಯಂತೆ ಚರ್ಮವನ್ನು ತೂರಿ ಒಳಗಿಳಿಯುತ್ತದೆ. ಸೋರಿಕೆ ಎಲ್ಲಿದೆಯೆಂದು ಬೆರಳಿನಿಂದ ಮುಟ್ಟಿ ನೋಡುವುದಂತೂ ಕೂಡದೇ ಕೂಡದು. ಹಾಗೆ ತಗುಲಿದಾಗ ಹೊರಗೆ ಕಾಣುವುದು ಚುಕ್ಕೆಯಷ್ಟು ಗಾಯ, ನೋವೂ ಮೊದಲಿಗೆ ಅಲ್ಪ. ಅಷ್ಟಕ್ಕೇ ಮೋಸಹೋಗದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅದು ಶಸ್ತ್ರಚಿಕಿತ್ಸೆ ಬೇಡುವ ಗಾಯ. ತಡಮಾಡಿದವರು ಬೆರಳನ್ನೂ ಕೈಯನ್ನೂ ಕಳೆದುಕೊಂಡದ್ದುಂಟು. ಹಳೆಯ ನಾಜಲ್ಲುಗಳೂ 200 ಬಾರಿನ ಸುತ್ತಮುತ್ತ ಒತ್ತಡದಲ್ಲಿ ತೆರೆಯುವಂಥವು. ಅವುಗಳನ್ನು ಪರೀಕ್ಷಿಸುವಾಗಲೂ ಕೈ ಅಡ್ಡ ಹಿಡಿಯಬಾರದು.

ಹಳೆಯ ಪಂಪಿಗೆ ಈಗಿನ ಡೀಸೆಲ್ಲು ಒಗ್ಗದು ಎಂಬ ಮಾತನ್ನೂ ಕೇಳುತ್ತೇವೆ. ಬಿ.ಎಸ್. 3ರ ಕಾಲದಲ್ಲಿ ಡೀಸೆಲ್ಲಿನ ಹತ್ತು ಲಕ್ಷ ಪಾಲಿನಲ್ಲಿ 350 ಪಾಲಿನವರೆಗೆ ಗಂಧಕ ಇರಬಹುದಾಗಿತ್ತು. ಬಿ.ಎಸ್. 6ರಲ್ಲಿ ಆ ಮಿತಿ 10 ಪಾಲು. ಗಂಧಕವನ್ನು ತೆಗೆಯುವಾಗ ಡೀಸೆಲ್ಲಿನ ಸಹಜವಾದ ಜಾರುಗುಣವೂ ಕುಂದುತ್ತದೆಂಬುದು ನಿಜ. ಆದರೆ ಜಾರುಗುಣ ಇಷ್ಟಿರಲೇಬೇಕೆಂದು ಡೀಸೆಲ್ಲಿನ ಮಾನದಂಡದಲ್ಲಿಯೇ ವಿಧಿಸಿರುವುದರಿಂದ, ಒಳ್ಳೆಯ ಬಂಕಿನಲ್ಲಿ ತುಂಬಿಸಿಕೊಳ್ಳುವವರು ಇದಕ್ಕಾಗಿ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಕಲಬೆರಕೆಗೆ, ನೀರಿಗೆ, ವರ್ಷಗಟ್ಟಲೆ ಬದಲಿಸದ ಫಿಲ್ಟರಿಗೆ.

ಹಾವೇರಿಯ ಆ ಲಾರಿ ಈಗ ಮತ್ತೆ ಓಡುತ್ತಿದೆ. ಪಾಟಲಿಗಳಲ್ಲಿ ಒಂದು ಜೊತೆಯನ್ನು ಮಾತ್ರ ಒತ್ತೆಯಿಡಬೇಕಾಯಿತು. ಇನ್ನೊಂದು ಜೊತೆಯನ್ನು ಅತ್ತೆಯವರು ಸೊಸೆಯ ಕೈಗೆ ತಾವೇ ತೊಡಿಸಿದರು. ಮೊದಲ ಬಾಡಿಗೆಗೆ ಹೊರಟ ದಿನ ಅಣ್ಣ ಸ್ಟಿಯರಿಂಗಿನ ಮುಂದೆ ಕುಳಿತಿದ್ದ. ತಮ್ಮ ಕೆಳಗೆ ನಿಂತು ಸೈಲೆನ್ಸರಿನ ಹೊಗೆಯ ಬಣ್ಣವನ್ನು ನೋಡುತ್ತಿದ್ದ. "ಹೆಂಗೈತಿ ತಮ್ಮಾ?" ಎಂದು ಅಣ್ಣ ಕೂಗಿದ. "ಚಲೋ ಐತಿ ಅಣ್ಣಾ, ಹೊಗಿ ಇಲ್ಲ" ಎಂದು ಈತ ಉತ್ತರಿಸಿದ. ಮಾತು ಬಿಟ್ಟಿದ್ದ ಆ ಎರಡು ದಿನಗಳು ಅಷ್ಟರಲ್ಲಿ ಕರಗಿಹೋಗಿದ್ದವು.

ಇಷ್ಟನ್ನು ಬರೆದುದು ಹೊಸ ವಿದ್ಯೆಯನ್ನು ಬೇಡವೆನ್ನಲು ಅಲ್ಲ. ಮುಂದಿನ ಲಾರಿಯನ್ನು ಕೊಳ್ಳುವಾಗ ಕಾಮನ್ ರೈಲಿನದೇ ಕೈಗೆ ಬರುವುದು. ಆ ತಮ್ಮನಿಗೆ ನಾವು ಹೇಳಿದ್ದೂ ಅದನ್ನೇ. ಬಿಡುವಿನ ದಿನಗಳಲ್ಲಿ ಅದನ್ನು ಬಲ್ಲವರ ಗ್ಯಾರೇಜಿನಲ್ಲಿ ನಿಂತು ಕಲಿತುಕೋ, ಕಂಪ್ಯೂಟರು ಹೇಳುವ ದೋಷದ ಸಂಕೇತಗಳನ್ನು ಓದಲು ಕಲಿ, ಆ ಲಾರಿ ಮನೆಗೆ ಬರುವ ಹೊತ್ತಿಗೆ ನೀನು ಸಿದ್ಧನಾಗಿರು ಎಂದೆವು. ಅವನು ಹೋಗತೊಡಗಿದ್ದಾನೆಂದು ಕೇಳಿ ಸಂತೋಷವಾಗಿದೆ.

ನಿಮ್ಮ ಮನೆಯ ಲಾರಿಗೂ ಇಂಥ ದಿನ ಬಂದೀತು. ಆಗ ಗುಜರಿಯ ಅಂಗಳಕ್ಕೆ ಹೋಗುವ ಮುನ್ನ ಮನೆಯವರೆಲ್ಲ ಕೂಡಿ ಒಂದು ಹಾಳೆಯ ಮುಂದೆ ಕುಳಿತುಕೊಳ್ಳಿರಿ. ಪಂಪು ಯಾವುದು, ಅದಕ್ಕೆ ಬೇಕಾದದ್ದೇನು, ಅದನ್ನು ದುರಸ್ತಿ ಮಾಡುವವರು ಎಲ್ಲಿದ್ದಾರೆ, ಕಾಗದಪತ್ರ ಸರಿಯಿದೆಯೇ ಎಂದು ಬರೆದು ನೋಡಿರಿ. ಹಣ ಕೊಡುವುದು ಆಮೇಲಿನ ಮಾತು.